ಪರ್ಲ್ ಕಲಿಯಲು ಹೊಸಬರು ಏಕೆ ಬರುತ್ತಿಲ್ಲ?

ಪ್ರಶ್ನೆ: ನಾನು ಬೆಂಗಳೂರಿನ ಚಿಪ್ ವಿನ್ಯಾಸ ಸಂಸ್ಥೆಯೊಂದರಲ್ಲಿ ಕಳೆದ ವರ್ಷ ಕೆಲಸಕ್ಕೆ ಸೇರಿದೆ. ಸಿಮ್ಯುಲೇಶನ್ (ವಿನ್ಯಾಸವನ್ನು ಕಂಪ್ಯೂಟರಿನಲ್ಲೇ ಓಡಿಸಿ ಪರೀಕ್ಷಿಸುವುದು) ಮುಗಿದ ಮೇಲೆ, ನಡೆದದ್ದೆಲ್ಲ ದಾಖಲಾಗಿರುವ ಲಾಗ್ ಫೈಲುಗಳಿಂದ ದೋಷಗಳನ್ನು ಹೆಕ್ಕಿ ವರದಿ ತಯಾರಿಸುವ ನಮ್ಮ ಸ್ಕ್ರಿಪ್ಟ್‌ಗಳೆಲ್ಲ ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿವೆ. ಒಂದು ಕಾಲಕ್ಕೆ ಪರ್ಲ್ ಇಲ್ಲದೆ ಕೆಲಸವೇ ಸಾಗುತ್ತಿರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಅದನ್ನು ಈಗ ಕಲಿಯುವುದು ದಂಡ ಎಂದು ನನ್ನ ಓರಗೆಯವರು ಹೇಳುತ್ತಾರೆ. ಅಷ್ಟು ಜನಪ್ರಿಯವಾಗಿದ್ದ ಭಾಷೆಗೆ ಹೀಗೇಕಾಯಿತು? ನಾನು ಅದನ್ನು ಕಲಿಯಬೇಕೇ?
– ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ನಿಮ್ಮ ಹಿರಿಯರ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಲ್ಯಾರಿ ವಾಲ್ ಅವರು 1987ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದ ಪರ್ಲ್, ಪಠ್ಯದ ರಾಶಿಯಿಂದ ಬೇಕಾದುದನ್ನು ಹುಡುಕಿ ವರದಿ ಮಾಡುವ ಕೆಲಸಕ್ಕೆಂದೇ ಹುಟ್ಟಿದ ಭಾಷೆ. 1994ರಲ್ಲಿ ಅದರ ಐದನೆಯ ಆವೃತ್ತಿ ಬಂದಾಗ ವೆಬ್ ಆಗಷ್ಟೇ ಬೆಳೆಯುತ್ತಿತ್ತು. ಫಾರ್ಮ್‌ನಲ್ಲಿ ತುಂಬಿದ ಮಾಹಿತಿಯನ್ನು ಸರ್ವರ್‌ನಲ್ಲಿ ಸ್ವೀಕರಿಸುವ ಸಿಜಿಐ ಪ್ರೋಗ್ರಾಂಗಳಿಗೆ ಪರ್ಲ್ ಮೊದಲ ಆಯ್ಕೆಯಾಯಿತು. ಮಾನವ ಜೀನೋಮ್ ಯೋಜನೆಯ ದತ್ತಾಂಶವನ್ನು ಹೊಂದಿಸುವುದಕ್ಕೂ ಅದು ಒದಗಿಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ಮೇಲೆ ಇಲ್ಲಿ ಬೆಳೆದ ಚಿಪ್ ವಿನ್ಯಾಸ ಉದ್ಯಮದಲ್ಲಿ, ನೀವೇ ನೋಡುತ್ತಿರುವಂತೆ, ಅದು ಇಂದಿಗೂ ದುಡಿಯುತ್ತಿದೆ.

ಹಳಬರಲ್ಲಿ ಅನೇಕರು ಪರ್ಲ್‌ ಅನ್ನು ಕೈಬಿಡಲಿಲ್ಲ. ಹೊಸಬರು ಬರುವುದು ನಿಂತಿತು. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ತಿರುಳು ಇದೇ. ಎಚ್‌ಟಿಎಂಎಲ್ ಪುಟದ ನಡುವೆಯೇ ಬರೆಯಬಹುದಾಗಿದ್ದ, ಅಗ್ಗದ ಹೋಸ್ಟಿಂಗ್‌ನಲ್ಲೂ ಸಿಗುತ್ತಿದ್ದ ಪಿಎಚ್‌ಪಿ ಎಂಬ ಭಾಷೆ, ವೆಬ್ ಕಲಿಯಲು ಬಂದವರನ್ನು ಸೆಳೆದುಕೊಂಡಿತು. ಜೊತೆಗೆ, ಒಂದೇ ಕೆಲಸಕ್ಕೆ ಹಲವು ದಾರಿಗಳಿರಬೇಕು ಎಂಬ ಪರ್ಲ್‌ನ ಧ್ಯೇಯ ಬರೆಯುವವರಿಗೆ ಹಿತವಾಗಿದ್ದರೂ ಇನ್ನೊಬ್ಬರು ಬರೆದದ್ದನ್ನು ಓದಬೇಕಾದವರಿಗೆ ಹೊರೆಯಾಯಿತು. ನಿಮ್ಮ ಸ್ಕ್ರಿಪ್ಟ್‌ ಅನ್ನೇ ತೆರೆದು ನೋಡಿ: ಪಟ್ಟಿಯ ಹೆಸರಿನ ಮುಂದೆ ‘ಆಟ್’ ಚಿಹ್ನೆ ಇರುತ್ತದೆ, ಆದರೆ ಅದೇ ಪಟ್ಟಿಯಿಂದ ಒಂದು ಅಂಶವನ್ನು ತೆಗೆಯುವಾಗ ‘ಡಾಲರ್’ ಚಿಹ್ನೆ ಬರುತ್ತದೆ; ಡಾಲರ್ ಚಿಹ್ನೆಯೊಂದಿಗೆ ಅದೇ ಹೆಸರಿನ ಬೇರೊಂದು ವೇರಿಯಬಲ್ ಕೂಡ ಇರಬಹುದು. ಫಂಕ್ಷನ್‌ಗೆ ಕೊಟ್ಟ ಮೌಲ್ಯಗಳೆಲ್ಲ ಹೆಸರಿಲ್ಲದೆ ಒಂದೇ ಪಟ್ಟಿಯಲ್ಲಿ ಬಂದು ಬೀಳುತ್ತಿದ್ದವು; ಅವುಗಳಿಗೆ ಫಂಕ್ಷನ್‌ನ ಮೊದಲ ಸಾಲಿನಲ್ಲೇ ಹೆಸರು ಕೊಡುವ ಸೌಲಭ್ಯ ಪ್ರಾಯೋಗಿಕ ಹಂತ ದಾಟಿದ್ದು 2022ರ 5.36 ಆವೃತ್ತಿಯಲ್ಲಿ. ಇಷ್ಟು ಮೂಲಭೂತವಾದ ಅನುಕೂಲಕ್ಕೆ ಇಷ್ಟು ವರ್ಷ ಕಾಯಿಸಿದ್ದನ್ನು ಸಮರ್ಥಿಸುವುದು ಕಷ್ಟ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಆರನೆಯ ಆವೃತ್ತಿ. 2000ದಲ್ಲಿ ಘೋಷಣೆಯಾದ ಪರ್ಲ್ 6 ಬಳಕೆಗೆ ಸಿದ್ಧವಾಗಿ ಹೊರಬಂದದ್ದು 2015ರ ಡಿಸೆಂಬರಿನಲ್ಲಿ, ಅದೂ ಹಳೆಯದರೊಂದಿಗೆ ಹೊಂದಿಕೊಳ್ಳದ ಬೇರೆಯೇ ಭಾಷೆಯಾಗಿ. 2019ರಲ್ಲಿ ಅದಕ್ಕೆ ರಾಕು ಎಂದು ಹೆಸರು ಬದಲಿಸಲಾಯಿತು. ಐದನೆಯ ಆವೃತ್ತಿಯ ಸುಧಾರಣೆ ನಡೆಯುತ್ತಲೇ ಇದ್ದರೂ, ಆರು ಬರುತ್ತಿರುವಾಗ ಐದನ್ನೇಕೆ ಕಲಿಯಬೇಕು ಎಂಬ ಹೊಸಬರ ಪ್ರಶ್ನೆಗೆ ಯಾರ ಬಳಿಯೂ ಸರಿಯಾದ ಉತ್ತರವಿರಲಿಲ್ಲ. ಪರ್ಲ್‌ನ ಪ್ರತಿಸ್ಪರ್ಧಿ ಭಾಷೆಯಾದ ಪೈಥಾನ್ ಕೂಡ 2008ರಲ್ಲಿ ಹಳೆಯದರೊಂದಿಗೆ ಹೊಂದದ ಮೂರನೆಯ ಆವೃತ್ತಿಯನ್ನು ತಂದು ಬಳಕೆದಾರರನ್ನು ಸಾಕಷ್ಟು ಗೋಳಾಡಿಸಿತು. ಆದರೆ ಹೊಸದು ಕೈಗೆ ಸಿಕ್ಕಿತ್ತು, ಹಳೆಯದಕ್ಕೆ 2020ರವರೆಗೆ ಬೆಂಬಲವಿತ್ತು, ಮತ್ತು ಸಂಖ್ಯೆಗಳ ಲೆಕ್ಕಾಚಾರಕ್ಕೆ ಒದಗುವ ನಂಪೈಯಂತಹ ಲೈಬ್ರರಿಗಳಿಂದಾಗಿ (ಸಿದ್ಧ ಪ್ರೋಗ್ರಾಂಗಳ ಸಂಗ್ರಹ) ವಿಜ್ಞಾನ ಹಾಗೂ ದತ್ತಾಂಶದ ಕೆಲಸ ಅತ್ತ ವಾಲಿತು. ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪಠ್ಯಕ್ರಮದಲ್ಲೂ ಇರುವುದು ಪೈಥಾನ್. ನಿಮ್ಮ ಓರಗೆಯವರು ಅದನ್ನೇ ಬಲ್ಲವರಾಗಿ ಕೆಲಸಕ್ಕೆ ಬರುತ್ತಾರೆ.

ನೀವು ಪರ್ಲ್‌ ಅನ್ನು ಓದಿ ತಿದ್ದುವಷ್ಟು ಖಂಡಿತ ಕಲಿಯಿರಿ. ಅದರಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಬೇಕಾದ ಮಾದರಿಯನ್ನು ಹುಡುಕುವ ಸೂತ್ರ) ಬರೆಯುವ ಕ್ರಮವನ್ನೇ ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್‌ಗಳು ಬಹುಮಟ್ಟಿಗೆ ಅನುಸರಿಸಿರುವುದರಿಂದ ಆ ಶ್ರಮ ವ್ಯರ್ಥವಾಗದು. ಹೊಸ ಸ್ಕ್ರಿಪ್ಟ್‌ಗಳನ್ನು ತಂಡಕ್ಕೆಲ್ಲ ತಿಳಿಯುವ ಪೈಥಾನ್‌ನಲ್ಲಿ ಬರೆಯಿರಿ. ಹಳೆಯದನ್ನು ಬದಲಿಸಲೇಬೇಕಾದರೆ, ಮೊದಲು ಕೆಲವು ಹಳೆಯ ಲಾಗ್‌ಗಳನ್ನೂ ಅವುಗಳಿಂದ ಬಂದ ವರದಿಗಳನ್ನೂ ಎತ್ತಿಟ್ಟು, ಹೊಸ ಸ್ಕ್ರಿಪ್ಟ್‌ನ ಫಲಿತಾಂಶವನ್ನು ಅವುಗಳೊಂದಿಗೆ ಸಾಲು ಸಾಲಾಗಿ ಹೋಲಿಸಿ ನೋಡಿ. ಯಾವ ಸಾಲನ್ನು ಯಾವ ಟೂಲ್‌ನ ಲಾಗ್‌ಗಾಗಿ, ಏಕೆ ಸೇರಿಸಲಾಯಿತು ಎಂಬುದನ್ನು ಆ ಹಿರಿಯರು ಸಂಸ್ಥೆಯಲ್ಲಿರುವಾಗಲೇ ಅವರಿಂದ ಕೇಳಿ ಸ್ಕ್ರಿಪ್ಟ್‌ನಲ್ಲೇ ಬರೆದಿಡಿ.