ಮೂರನೇ ಕಾರ್ಡ್ ಯಾವುದು ತಗೊಳ್ಳಲಿ?

ಪ್ರಶ್ನೆ: ನಾನು ಹುಬ್ಬಳ್ಳಿಯ ವಿದ್ಯಾನಗರದವಳು, ಹೈಸ್ಕೂಲ್ ಶಿಕ್ಷಕಿ. ಎರಡು ಕ್ರೆಡಿಟ್ ಕಾರ್ಡ್ ಇವೆ. ಒಂದು ಆನ್‌ಲೈನ್ ಅಂಗಡಿಯದು, ವಾರ್ಷಿಕ ಫೀ ಇಲ್ಲ, ಆ ಅಂಗಡಿಯಲ್ಲಿ ಕೊಂಡರೆ 5% ವಾಪಸ್ ಬರುತ್ತದೆ. ಇನ್ನೊಂದು ಪೆಟ್ರೋಲ್ ಕಂಪನಿಯ ಜೊತೆಗಿನದು. ತಿಂಗಳಿಗೆ ಆನ್‌ಲೈನ್ ಖರೀದಿ ₹6,000, ಪೆಟ್ರೋಲ್ ₹3,500, ಕಿರಾಣಿ, ಕಾಯಿಪಲ್ಲೆ, ಔಷಧಿ, ಹೋಟೆಲ್ ಸೇರಿ ₹14,000, ಕರೆಂಟ್-ಮೊಬೈಲ್ ಬಿಲ್ ₹3,000 ಆಗುತ್ತದೆ. ವರ್ಷಕ್ಕೆ ಎಲ್‌ಐಸಿ ₹48,000, ಮಗಳ ಫೀ ₹70,000. ಮಾಲ್‌ನಲ್ಲಿ ಒಬ್ಬ ಹುಡುಗ ಹೊಸ ರಿವಾರ್ಡ್ ಕಾರ್ಡ್ ತಗೊಳ್ಳಿ ಎಂದು ಬೆನ್ನು ಹತ್ತಿದ್ದಾನೆ. ಫೀ ₹2,500. ಪ್ರತಿ ₹150ಕ್ಕೆ 4 ಪಾಯಿಂಟ್, ಏರ್‌ಪೋರ್ಟ್ ಲೌಂಜ್ ಫ್ರೀ, ₹2,500ರ ಗಿಫ್ಟ್ ವೋಚರ್ ಅಂತೆ. ತಗೊಳ್ಳಲಾ? ಮುಂದಿನ ವರ್ಷ ಮನೆ ಸಾಲಕ್ಕೂ ಹಾಕುವ ಯೋಚನೆ ಇದೆ.

ಉತ್ತರ: ಅಕ್ಕೋರೆ, ಮೊದಲು ಒಂದು ಮಾತು. ಇಷ್ಟು ನೀಟಾಗಿ ಲೆಕ್ಕ ಬರೆದು ಕಳಿಸುವವರು ಅಪರೂಪ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಲೆಕ್ಕದಲ್ಲೇ ಇದೆ.

ಆ ಹುಡುಗನ ಕಾರ್ಡನ್ನೇ ಮೊದಲು ನೋಡೋಣ. ₹150ಕ್ಕೆ 4 ಪಾಯಿಂಟ್ ಅಂದರೆ ಕೇಳಲಿಕ್ಕೆ ಭಾರಿ ಅನಿಸುತ್ತದೆ. ಆದರೆ ಒಂದು ಪಾಯಿಂಟ್‌ಗೆ ಎಷ್ಟು ಪೈಸೆ? ಅದನ್ನು ಅವನು ಹೇಳಿಲ್ಲ, ನೀವೂ ಕೇಳಿಲ್ಲ. ಪಾಯಿಂಟ್‌ನ ಬೆಲೆ ಕಾರ್ಡಿನಿಂದ ಕಾರ್ಡಿಗೆ ಬೇರೆ. ಒಂದೇ ಕಾರ್ಡಿನಲ್ಲೂ ವಿಮಾನದ ಟಿಕೆಟ್‌ಗೆ ಒಂದು ಬೆಲೆ, ಬಿಲ್‌ಗೆ ಜಮಾ ಮಾಡಿಸಿದರೆ ಇನ್ನೊಂದು ಬೆಲೆ ಇರುತ್ತದೆ. ಬಿಲ್‌ಗೆ ಜಮಾ ಮಾಡಿಸುವಾಗ 25 ಪೈಸೆ ಎಂದು ಹಿಡಿಯಿರಿ. ನಾಲ್ಕು ಪಾಯಿಂಟ್‌ಗೆ ಒಂದು ರೂಪಾಯಿ. ಅಂದರೆ ₹150 ಖರ್ಚು ಮಾಡಿದರೆ ಒಂದು ರೂಪಾಯಿ ವಾಪಸ್.

ಈಗ ಫೀ. ₹2,500ಕ್ಕೆ 18% ಜಿಎಸ್‌ಟಿ ಸೇರಿ ₹2,950. ಈ ದುಡ್ಡು ಪಾಯಿಂಟ್‌ನಲ್ಲಿ ವಾಪಸ್ ಬರಬೇಕಾದರೆ ವರ್ಷಕ್ಕೆ ₹4,42,500 ಈ ಕಾರ್ಡಿನಲ್ಲಿ ಉಜ್ಜಬೇಕು. ನೀವು ಬರೆದ ಖರ್ಚೆಲ್ಲ, ಎಲ್‌ಐಸಿ ಮತ್ತು ಮಗಳ ಫೀ ಸಮೇತ ಕೂಡಿಸಿದೆ. ವರ್ಷಕ್ಕೆ ₹4,36,000 ಆಯಿತು. ಅಂದರೆ ಇಡೀ ಸಂಸಾರವನ್ನೇ ಆ ಕಾರ್ಡಿಗೆ ಹಾಕಿದರೂ ಫೀ ಹುಟ್ಟುವುದಿಲ್ಲ. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಹಾಗೆ.

ವೋಚರ್ ಇದೆಯಲ್ಲ ಅನ್ನಬಹುದು. ಅದು ಸಾಮಾನ್ಯವಾಗಿ ಮೊದಲ ವರ್ಷಕ್ಕೆ ಮಾತ್ರ. ಅದೂ ಯಾವ ಅಂಗಡಿಯದು, ನೀವು ಹೇಗೂ ಹೋಗುವ ಅಂಗಡಿಯಾ ಎಂದು ಕೇಳಿ. ಬೇಡದ ಬಟ್ಟೆ ಕೊಳ್ಳಲು ಸಿಕ್ಕ ₹2,500 ನಿಜವಾದ ₹2,500 ಅಲ್ಲ. ಇನ್ನು ಲೌಂಜ್. ನಮ್ಮ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 1,507 ಮೀಟರ್ ಪ್ಲಾಟ್‌ಫಾರ್ಮ್ ಇದೆ. ಅಷ್ಟುದ್ದ ನಡೆದು ಸ್ಲೀಪರ್ ಬೋಗಿ ಹತ್ತುವ ನಮ್ಮಂಥವರಿಗೆ ಏರ್‌ಪೋರ್ಟ್ ಲೌಂಜ್‌ನಿಂದ ಏನು ಲಾಭ? ವರ್ಷಕ್ಕೆ ಎಷ್ಟು ಸಲ ವಿಮಾನ ಹತ್ತುತ್ತೀರಿ ಎಂದು ನೀವೇ ಲೆಕ್ಕ ಹಾಕಿ. ಸೊನ್ನೆ ಅಥವಾ ಒಂದು ಬಂದರೆ ಲೌಂಜ್‌ನ ಬೆಲೆಯೂ ಸೊನ್ನೆ. ಕಾರ್ಡಿನಿಂದ ಪೆಟ್ರೋಲ್ ಹಾಕಿಸಿದಾಗ ಮೇಲೆ ಬೀಳುವ ಸರ್‌ಚಾರ್ಜ್ ಮಾಫಿ ಎಂದೂ ಅವನು ಹೇಳಿರಬೇಕು. ಅದು ನಿಮಗೆ ಕೊಡುವ ದುಡ್ಡಲ್ಲ, ಜಾಸ್ತಿ ಕಿತ್ತುಕೊಳ್ಳುವುದನ್ನು ಬಿಡುವುದು ಅಷ್ಟೇ. ಸಾಮಾನ್ಯವಾಗಿ ಸರ್‌ಚಾರ್ಜ್ ಮೇಲಿನ ಜಿಎಸ್‌ಟಿ ಅದರಲ್ಲಿ ವಾಪಸ್ ಬರುವುದಿಲ್ಲ.

ಹಾಗಾದರೆ ಮೂರನೇ ಕಾರ್ಡೇ ಬೇಡವಾ? ಹಾಗಲ್ಲ. ಈಗಿನ ಎರಡು ಕಾರ್ಡ್ ಮುಟ್ಟದ ಖರ್ಚು ಯಾವುದು ಎಂದು ಹುಡುಕಿ. ಆನ್‌ಲೈನ್‌ಗೆ ಒಂದು ಇದೆ, ಪೆಟ್ರೋಲ್‌ಗೆ ಒಂದು ಇದೆ. ಉಳಿದದ್ದರಲ್ಲಿ ದೊಡ್ಡದು ಆ ₹14,000. ಅದು ಕ್ಯೂಆರ್ ಸ್ಕ್ಯಾನ್ ಮಾಡಿ ಸೀದಾ ಬ್ಯಾಂಕ್ ಖಾತೆಯಿಂದ ಹೋಗುತ್ತಿರಬೇಕು, ಅಲ್ವಾ? ಅದಕ್ಕೆ ಒಂದು ಪೈಸೆ ವಾಪಸ್ ಇಲ್ಲ. ಆ ಜಾಗಕ್ಕೆ ಹೊಂದುವುದು ಯುಪಿಐಗೆ ಜೋಡಿಸಬಹುದಾದ ರುಪೇ (ವೀಸಾ, ಮಾಸ್ಟರ್‌ಕಾರ್ಡ್ ಥರದ್ದೇ ನಮ್ಮ ದೇಶದ ಕಾರ್ಡ್ ನೆಟ್‌ವರ್ಕ್) ಕ್ರೆಡಿಟ್ ಕಾರ್ಡ್. 2022ರಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ಒಪ್ಪಿಗೆ ಕೊಟ್ಟಿತು. ವೀಸಾ, ಮಾಸ್ಟರ್‌ಕಾರ್ಡ್ ಅನ್ನು ಹೀಗೆ ಜೋಡಿಸಲು ಆಗುವುದಿಲ್ಲ. ಫೋನಿನಲ್ಲಿ ಈಗ ಹೇಗೆ ಸ್ಕ್ಯಾನ್ ಮಾಡುತ್ತೀರೋ ಹಾಗೇ ಸ್ಕ್ಯಾನ್ ಮಾಡುವುದು, ಖಾತೆಯ ಬದಲು ಕಾರ್ಡ್ ಆರಿಸುವುದು, ಪಿನ್ ಹಾಕುವುದು.

ಆದರೆ ಎಲ್ಲ ಕಡೆ ನಡೆಯುತ್ತದೆ ಅಂದುಕೊಳ್ಳಬೇಡಿ. ಇದು ಅಂಗಡಿಯವರಿಗೆ ಕೊಡಲು ಮಾತ್ರ. ತಮ್ಮನಿಗೆ, ಗೆಳತಿಗೆ ದುಡ್ಡು ಕಳಿಸಲು ಬರುವುದಿಲ್ಲ. ಇಲ್ಲೇ ಒಂದು ತೊಡಕು ಇದೆ. ಮೊನ್ನೆ ಸಂಜೆ ದುರ್ಗದ ಬೈಲಿನಲ್ಲಿ ಗಿರ್ಮಿಟ್, ಮಿರ್ಚಿ ತಿಂದು ಕಾರ್ಡಿನಿಂದ ಕೊಡಲು ಹೋದೆ. ಈ ಖಾತೆಗೆ ಕ್ರೆಡಿಟ್ ಕಾರ್ಡ್ ನಡೆಯುವುದಿಲ್ಲ ಎಂದು ಆ್ಯಪ್ ತೋರಿಸಿತು. ಗಾಡಿಯವರು ಅಂಟಿಸಿದ್ದ ಸ್ಟಿಕರ್ ಅವರ ಸ್ವಂತ ಖಾತೆಯದು, ವ್ಯಾಪಾರದ ಖಾತೆಯದಲ್ಲ. "ರೊಕ್ಕ ಕೊಡ್ರಿ ಸರ, ಸುಮ್ನ ಯಾಕ ತ್ರಾಸು" ಅಂದರು. ಪಕ್ಕದ ಔಷಧಿ ಅಂಗಡಿಯಲ್ಲಿ ಅದೇ ಕಾರ್ಡ್ ಸಲೀಸಾಗಿ ನಡೆಯಿತು. ಕಾಯಿಪಲ್ಲೆಯವರ ಹತ್ತಿರ ಬಹಳಷ್ಟು ಸಲ ನಡೆಯುವುದಿಲ್ಲ, ಕಿರಾಣಿ, ಔಷಧಿ, ಹೋಟೆಲ್‌ಗಳಲ್ಲಿ ನಡೆಯುತ್ತದೆ. ಹಾಗಾಗಿ ನಿಮ್ಮ ₹14,000ದಲ್ಲಿ ₹9,000 ಮಾತ್ರ ಹಿಡಿಯೋಣ.

1% ವಾಪಸ್ ಬಂದರೆ ತಿಂಗಳಿಗೆ ₹90, ವರ್ಷಕ್ಕೆ ₹1,080. ಇಷ್ಟೇನಾ? ಹೌದು, ಇಷ್ಟೇ. ಅದಕ್ಕೇ ವಾರ್ಷಿಕ ಫೀ ಇಲ್ಲದ ಕಾರ್ಡನ್ನೇ ಹುಡುಕಿ ಎನ್ನುತ್ತೇನೆ. ₹499 ಫೀ ಇದ್ದರೆ ಜಿಎಸ್‌ಟಿ ಸೇರಿ ₹589 ಅಲ್ಲೇ ಹೋಯಿತು, ಅರ್ಧಕ್ಕಿಂತ ಜಾಸ್ತಿ. ಇನ್ನೂ ಎರಡು ಸಣ್ಣ ಅಕ್ಷರ ಓದಿ. ಯುಪಿಐ ಖರ್ಚಿಗೆ ಪಾಯಿಂಟ್ ಉಂಟಾ, ತಿಂಗಳಿಗೆ ಇಷ್ಟೇ ಎಂಬ ಮಿತಿ ಉಂಟಾ? ಕೆಲವು ಕಾರ್ಡ್‌ಗಳು ನೂರು ಅಥವಾ ನೂರೈವತ್ತು ರೂಪಾಯಿಗೆ ಲೆಕ್ಕ ಹಾಕುತ್ತವೆ, ₹80ರ ಬ್ರೆಡ್ಡು-ಹಾಲಿಗೆ ಏನೂ ಬರುವುದಿಲ್ಲ. ಕೆಲವು, ಪಾಯಿಂಟ್ ಬಿಡಿಸಿಕೊಳ್ಳಲು ಹೋದಾಗ ₹99 ಫೀ ಹಾಕುತ್ತವೆ.

ಇದೆಲ್ಲಕ್ಕಿಂತ ಮೊದಲು ಈಗಿನ ಎರಡು ಬ್ಯಾಂಕಿಗೂ ಒಂದು ಫೋನ್ ಮಾಡಿ. ಇರುವ ಕಾರ್ಡಿನ ಜೊತೆಗೇ ಒಂದು ರುಪೇ ಕಾರ್ಡನ್ನು ಅದೇ ಲಿಮಿಟ್‌ನಲ್ಲಿ ಕೆಲವು ಬ್ಯಾಂಕುಗಳು ಕೊಡುತ್ತವೆ. ಸಿಕ್ಕರೆ ಹೊಸ ಬ್ಯಾಂಕಿನ ಬಾಗಿಲಿಗೆ ಹೋಗುವುದೇ ಬೇಡ. ಹೊಸದಾಗಿ ತಗೊಂಡರೂ, ವೀಸಾನಾ ರುಪೇನಾ ಎಂದು ಕೇಳುವ ಹಕ್ಕು ನಿಮಗಿದೆ. ಕಾರ್ಡಿನ ನೆಟ್‌ವರ್ಕ್ ಆರಿಸಲು ಗ್ರಾಹಕರಿಗೆ ಅವಕಾಶ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2024ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ.

ಕರೆಂಟ್ ಬಿಲ್, ಎಲ್‌ಐಸಿ, ಮಗಳ ಫೀ ಈಗ ಹೇಗೆ ಕಟ್ಟುತ್ತೀರೋ ಹಾಗೇ ಕಟ್ಟಿ. ಹೆಸ್ಕಾಂ ಬಿಲ್‌ನಂಥ ಖರ್ಚಿಗೆ, ವಿಮೆಗೆ ಬಹಳಷ್ಟು ಕಾರ್ಡ್‌ಗಳು ಪಾಯಿಂಟ್ ಕೊಡುವುದಿಲ್ಲ ಅಥವಾ ಕಡಿಮೆ ಮಾಡಿವೆ. ಶಾಲೆ ಫೀಯನ್ನು ಬೇರೆ ಆ್ಯಪ್ ಮೂಲಕ ಕಟ್ಟಿದರೆ ಕೆಲವು ಬ್ಯಾಂಕುಗಳು 1% ಮೇಲೆ ಹಾಕುತ್ತವೆ. ₹70,000ಕ್ಕೆ ₹700!

ಯಾವ ಖರ್ಚು ಯಾವ ವರ್ಗಕ್ಕೆ ಸೇರಿತು ಎಂದು ತೀರ್ಮಾನಿಸುವುದು ನೀವು ಕೊಂಡ ಸಾಮಾನಲ್ಲ, ಅಂಗಡಿಯ ವ್ಯಾಪಾರ ಯಾವುದೆಂದು ಬ್ಯಾಂಕ್ ಕೊಟ್ಟ ಕೋಡ್. ನಾನೊಮ್ಮೆ ಹಬ್ಬದ ಕಿರಾಣಿ ₹4,200ಕ್ಕೆ ತಂದೆ, ಬೇಳೆ, ಬೆಲ್ಲ, ಕೊಬ್ಬರಿ ಎಲ್ಲ. ಸ್ಟೇಟ್‌ಮೆಂಟ್ ನೋಡಿದರೆ ಪಾಯಿಂಟ್ ಸೊನ್ನೆ. ವಿಚಾರಿಸಿದರೆ ಆ ಅಂಗಡಿಯವರು ಮೊದಲು ಮೊಬೈಲ್ ರೀಚಾರ್ಜ್ ವ್ಯಾಪಾರ ಮಾಡುತ್ತಿದ್ದರಂತೆ, ಕೋಡ್ ಹಳೆಯದೇ ಉಳಿದಿತ್ತು. ಬ್ಯಾಂಕಿನ ಲೆಕ್ಕದಲ್ಲಿ ನಾನು ಬೇಳೆ ತಂದಿಲ್ಲ, ರೀಚಾರ್ಜ್ ಮಾಡಿಸಿದ್ದೇನೆ. ಹಾಗಾಗಿ ಹೊಸ ಕಾರ್ಡ್ ಬಂದಾಗ ದಿನಾ ಹೋಗುವ ಅಂಗಡಿಗಳಲ್ಲಿ ಮೊದಲು ಸಣ್ಣ ಮೊತ್ತ ಕೊಟ್ಟು, ಪಾಯಿಂಟ್ ಬಿತ್ತಾ ಎಂದು ನೋಡಿ.

ಮನೆ ಸಾಲದ ವಿಷಯ. ಕಾರ್ಡಿಗೆ ಅರ್ಜಿ ಹಾಕಿದಾಗಲೆಲ್ಲ ಬ್ಯಾಂಕ್ ನಿಮ್ಮ ಸಿಬಿಲ್, ಅಂದರೆ ಸಾಲದ ಚರಿತ್ರೆ, ತೆಗೆದು ನೋಡುತ್ತದೆ, ಅದು ದಾಖಲೆಯಲ್ಲಿ ಉಳಿಯುತ್ತದೆ. ಒಂದು ಅರ್ಜಿಯಿಂದ ದೊಡ್ಡ ತೊಂದರೆ ಇಲ್ಲ. ಒಂದೇ ತಿಂಗಳಲ್ಲಿ ಮೂರು ಕಡೆ ಹಾಕಿದರೆ ದುಡ್ಡಿಗೆ ಪರದಾಡುತ್ತಿದ್ದಾರೆ ಎಂದು ಕಾಣುತ್ತದೆ. ತಗೊಳ್ಳುವುದಿದ್ದರೆ ಈಗಲೇ ಒಂದೇ ಕಡೆ ಹಾಕಿ. ಸಾಲದ ಅರ್ಜಿಗೆ ಆರು ತಿಂಗಳಿಗಿಂತ ಕಡಿಮೆ ಉಳಿದಿದ್ದರೆ ಸಾಲ ಕೈಗೆ ಬರುವವರೆಗೆ ಕಾಯಿರಿ. ₹1,080ರ ಆಸೆಗೆ ಮನೆ ಸಾಲದ ಬಡ್ಡಿ ದರದ ಜೊತೆ ಆಟ ಆಡಬಾರದು.

ಇನ್ನೊಂದು. ಮೂರು ಕಾರ್ಡ್ ಅಂದರೆ ಮೂರು ಕೊನೆಯ ದಿನಾಂಕ. ಬಿಲ್ಲಿಂಗ್ ದಿನಾಂಕ ಒಮ್ಮೆಯಾದರೂ ಬದಲಿಸಿಕೊಳ್ಳಲು ನಿಯಮದಲ್ಲೇ ಅವಕಾಶ ಇದೆ. ಸಂಬಳ ಬಂದ ಮೇಲೆ, ಹತ್ತನೇ ತಾರೀಖಿನೊಳಗೆ ಮೂರೂ ಬಿಲ್‌ನ ಕೊನೆಯ ದಿನಾಂಕ ಬರುವ ಹಾಗೆ ಮಾಡಿಸಿ, ಪೂರ್ತಿ ಮೊತ್ತಕ್ಕೆ ಆಟೋ ಡೆಬಿಟ್ ಹಾಕಿಬಿಡಿ. 'ಮಿನಿಮಮ್', ಅಂದರೆ ಸ್ವಲ್ಪ ಕಟ್ಟಿ ಉಳಿದದ್ದನ್ನು ಮುಂದಕ್ಕೆ ಹಾಕುವ ಆಯ್ಕೆಯ ಹತ್ತಿರ ಹೋಗಬೇಡಿ. ತಿಂಗಳಿಗೆ ಸುಮಾರು ಮೂರೂವರೆ ಪರ್ಸೆಂಟ್ ಬಡ್ಡಿ, ಮೇಲೆ ಜಿಎಸ್‌ಟಿ. ₹10,000 ಎರಡು ತಿಂಗಳು ಬಾಕಿ ಉಳಿದರೆ ₹826. ಜೊತೆಗೆ ಹೊಸ ಖರೀದಿಗೂ ಬಡ್ಡಿ ಇಲ್ಲದ ದಿನಗಳು ಸಿಗುವುದಿಲ್ಲ. ವರ್ಷಪೂರ್ತಿ ಕೂಡಿಸಿದ ಪಾಯಿಂಟ್ ಒಂದೇ ಏಟಿಗೆ ಹೋಗುತ್ತದೆ.

ಪ್ರಶ್ನೆ: ಎಂಟು ವರ್ಷದ ಹಳೆಯ ಕಾರ್ಡ್ ಒಂದಿದೆ. ಬಳಸುವುದಿಲ್ಲ, ಫೀ ಮಾತ್ರ ಹೋಗುತ್ತಿದೆ. ಹೊಸ ಕಾರ್ಡ್ ಬಂದಿದೆ, ಹಳೆಯದು ಮುಚ್ಚಲಾ? (ಬೆಟಗೇರಿ, ಗದಗ)

ಉತ್ತರ: ಸೀದಾ ಮುಚ್ಚಬೇಡಿ, ಮುಚ್ಚುತ್ತೇನೆ ಎಂದು ಫೋನ್ ಮಾಡಿ. ಬಹಳ ಸಲ ಅಲ್ಲಿಗೇ ಫೀ ಮಾಫಿ ಆಗುತ್ತದೆ, ಇಲ್ಲವೇ ಫೀ ಇಲ್ಲದ ಕಾರ್ಡಿಗೆ ಬದಲಿಸಿ ಕೊಡುತ್ತಾರೆ. ಹಳೆಯ ಕಾರ್ಡ್ ಉಳಿದರೆ ನಿಮ್ಮ ಸಾಲದ ಚರಿತ್ರೆ ಉದ್ದ ಇರುತ್ತದೆ, ಒಟ್ಟು ಲಿಮಿಟ್ ಕೂಡ ಕಮ್ಮಿ ಆಗುವುದಿಲ್ಲ. ಅವರು ಒಪ್ಪದಿದ್ದರೆ ಮುಚ್ಚಿಸಿ. ಮೊದಲು ಉಳಿದ ಪಾಯಿಂಟ್ ಬಿಡಿಸಿಕೊಳ್ಳಿ, ಬಾಕಿ ಪೂರ್ತಿ ಕಟ್ಟಿ, ಆಮೇಲೆ ಬರವಣಿಗೆಯಲ್ಲಿ ಕೇಳಿ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ ₹500ರಂತೆ ಬ್ಯಾಂಕೇ ನಿಮಗೆ ಕೊಡಬೇಕು. 2022ರ ಜುಲೈನಿಂದ ಈ ನಿಯಮ ಇದೆ. ಮನವಿ ಕೊಟ್ಟ ತಾರೀಖು ಬರೆದಿಟ್ಟುಕೊಳ್ಳಿ.

ಪ್ರಶ್ನೆ: ನಾನು ಕೇಳಿಯೇ ಇಲ್ಲ, ಮನೆಗೆ ಕ್ರೆಡಿಟ್ ಕಾರ್ಡ್ ಬಂದಿದೆ. ಈಗ ಯಾರೋ ಫೋನ್ ಮಾಡಿ ಆ್ಯಕ್ಟಿವೇಟ್ ಮಾಡಲು ಒಟಿಪಿ ಕೇಳುತ್ತಿದ್ದಾರೆ. (ಹಾವೇರಿ)

ಉತ್ತರ: ಒಟಿಪಿ ಕೊಡಬೇಡಿ. ಕೇಳದೆ ಕಾರ್ಡ್ ಕಳಿಸುವುದನ್ನು ರಿಸರ್ವ್ ಬ್ಯಾಂಕ್ ನಿಷೇಧಿಸಿದೆ. ಕಾರ್ಡಿನ ಹಿಂದೆ ಅಚ್ಚಾದ ನಂಬರಿಗೆ ನೀವೇ ಫೋನ್ ಮಾಡಿ, ನನಗೆ ಬೇಡ ಎಂದು ಹೇಳಿ, ದೂರಿನ ಸಂಖ್ಯೆ ತಗೊಳ್ಳಿ. ಒಪ್ಪಿಗೆ ಇಲ್ಲದೆ ಏನಾದರೂ ಬಿಲ್ ಹಾಕಿದ್ದರೆ ಅದನ್ನು ವಾಪಸ್ ಮಾಡಬೇಕು, ಅದರ ಎರಡು ಪಟ್ಟು ದಂಡವನ್ನೂ ನಿಮಗೆ ಕೊಡಬೇಕು. ಒಟಿಪಿ ಈಗಾಗಲೇ ಹೇಳಿಬಿಟ್ಟಿದ್ದರೆ ಬ್ಯಾಂಕಿಗೆ ತಿಳಿಸಿ ಕಾರ್ಡ್ ಬ್ಲಾಕ್ ಮಾಡಿಸಿ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ, ನಾಳೆ ನೋಡೋಣ ಎಂದು ಕೂರಬೇಡಿ.