ಸಂಪಾದಕರ ಉತ್ತರ: ಒಂದು ಪದಕ್ಕೆ ಒಂದೇ ಅರ್ಥ ಸಾಕೇ?

ಶಿರಸಿ ಸಮೀಪದ ಪದವಿ ವಿದ್ಯಾರ್ಥಿನಿಯೊಬ್ಬರು ಸ್ಪರ್ಧಾತ್ಮಕ ಪರೀಕ್ಷೆಗಾಗಿ ದಿನಕ್ಕೆ 20 ಕಠಿಣ ಇಂಗ್ಲಿಷ್ ಪದಗಳನ್ನು ಕನ್ನಡ ಅರ್ಥದೊಂದಿಗೆ ಬಾಯಿಪಾಠ ಮಾಡುತ್ತಾರಂತೆ. ವಾರದೊಳಗೆ ಅರ್ಧ ಮರೆತುಹೋಗುತ್ತವೆ. ನೆನಪಿದ್ದುದನ್ನು ಬಳಸಿದರೆ ಪೇಚಾಟ. ಊರಿನ ಹಿರಿಯರೊಬ್ಬರನ್ನು ಹೊಗಳುತ್ತ ‘ನಟೋರಿಯಸ್’ ಎಂದು ಬರೆದಾಗ ತರಗತಿಯೇ ನಕ್ಕಿತೆಂದು ನೊಂದು ಬರೆದಿದ್ದಾರೆ.

ನಿಮ್ಮ ನೆನಪಿನ ಶಕ್ತಿಯನ್ನು ದೂರಬೇಡಿ, ದೋಷವಿರುವುದು ಪಟ್ಟಿಯಲ್ಲಿ. ಅಲ್ಲಿ ‘ನಟೋರಿಯಸ್’ ಎದುರು ‘ಪ್ರಸಿದ್ಧ’ ಎಂದಿತ್ತು, ‘ಕುಖ್ಯಾತ’ ಎಂದಿರಬೇಕಿತ್ತು. ನಿಮ್ಮೂರಿನ ಅಡಿಕೆಯನ್ನೇ ನೋಡಿ: ಹೊರಗಿನವರಿಗೆ ಎಲ್ಲವೂ ಅಡಿಕೆಯೇ, ಆದರೆ ಶಿರಸಿಯ ಮಾರುಕಟ್ಟೆಯಲ್ಲಿ ಚಾಲಿ, ರಾಶಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು ಎಂದು ಬೇರೆ ಬೇರೆ ಹೆಸರು, ಬೇರೆ ಬೇರೆ ದರ. ‘ಫ್ರೂಗಲ್’, ‘ಸ್ಟಿಂಜಿ’ ಎರಡೂ ಕೈ ಬಿಗಿಹಿಡಿದು ಖರ್ಚು ಮಾಡುವವರಿಗೇ ಸಲ್ಲುತ್ತವೆ. ಮೊದಲನೆಯದರಲ್ಲಿ ಮೆಚ್ಚುಗೆಯಿದೆ, ಎರಡನೆಯದರಲ್ಲಿ ಜಿಪುಣನೆಂಬ ಮೂದಲಿಕೆಯಿದೆ. (ಅಂದಹಾಗೆ, ಇಂಗ್ಲಿಷಿನ ‘ಅರೆಕಾ’ ಎಂಬ ಪದ ಪೋರ್ಚುಗೀಸರ ಮೂಲಕ ಹೋದ ಮಲಯಾಳದ ‘ಅಡಕ್ಕ’, ನಮ್ಮ ಅಡಿಕೆಗೆ ದಾಯಾದಿ.)

ಇನ್ನು ಮರೆವಿನ ಮಾತು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಉರು ಹೊಡೆದು, ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಅತಿ ವೇಗವಾಗಿ ಸೋರಿಹೋಗುತ್ತದೆಂದೂ, ಒಂದೇ ದಿನ ತುರುಕುವುದಕ್ಕಿಂತ ಕೆಲವು ದಿನಗಳಿಗೆ ಹಂಚಿ ಓದುವುದು ಲೇಸೆಂದೂ 1885ರಲ್ಲಿ ತೋರಿಸಿಕೊಟ್ಟರು. ವಾಕ್ಯದಿಂದ ಕಿತ್ತು ತಂದ 20 ಪದಗಳು ಆ ಅಕ್ಷರಗುಚ್ಛಗಳಿಗಿಂತ ಬಹಳವೇನೂ ಭಿನ್ನವಲ್ಲ. ಐದೇ ಪದ ಸಾಕು. ಪತ್ರಿಕೆಯಲ್ಲಿ ಕಂಡ ಇಡೀ ವಾಕ್ಯದೊಂದಿಗೆ ಬರೆದುಕೊಂಡು, ಮರುದಿನ, ಮೂರನೆಯ ದಿನ, ವಾರದ ಬಳಿಕ ಅರ್ಥವನ್ನು ಮುಚ್ಚಿಟ್ಟು ನೆನಪಿಸಿಕೊಳ್ಳಿ.

ಧಾತು ಹಿಡಿದು ಕಲಿಯುವುದು ನನಗೆ ಇಷ್ಟವಾದ ದಾರಿ. ಮಾತನಾಡು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ‘ಎಲೊಕ್ವೆಂಟ್’, ‘ಲೊಕ್ವೇಷಸ್’ ಎರಡೂ ಬಂದಿವೆ. ನಮ್ಮಲ್ಲಿ ‘ವಾಕ್’ ಎಂಬುದರಿಂದ ವಾಗ್ಮಿಯೂ ವಾಚಾಳಿಯೂ ಹುಟ್ಟಿದಂತೆಯೇ, ಅರ್ಥವೂ ಅದೇ ಕ್ರಮದಲ್ಲಿ. ಆದರೆ ಧಾತು ಕೈಕೊಡುವುದೂ ಉಂಟು: ಬಲು ಎಚ್ಚರಿಕೆಯಿಂದ ಕೆಲಸ ಮಾಡುವವರನ್ನು ಹೊಗಳುವ ‘ಮೆಟಿಕ್ಯುಲಸ್’ನ ಮೂಲದಲ್ಲಿರುವುದು ಭಯ.

ಪರೀಕ್ಷೆಗೆ ಎರಡೇ ವಾರ ಉಳಿದಿದ್ದರೆ ಹೊಸ ಪದಗಳ ಗೊಡವೆ ಬಿಟ್ಟು, ಈಗಿರುವ ಪಟ್ಟಿಯನ್ನೇ ಒಳ್ಳೆಯ ನಿಘಂಟಿನೊಂದಿಗೆ ತಾಳೆ ನೋಡಿ. ‘ನಟೋರಿಯಸ್’ನಂಥವು ಇನ್ನೂ ನಾಲ್ಕಾರು ಸಿಕ್ಕಾವು.