ನಿಮ್ಮ ‘ಹೊಳೆಯುವ ಚುಕ್ಕೆ’ ಲೇಖನದ ಬಗ್ಗೆ

ಪ್ರಿಯ ಲೇಖಕರೇ,

ಬೆಳಕು ಬೀರುವ ಇಂಗಾಲದ ನ್ಯಾನೋಚುಕ್ಕೆಗಳಿಂದ ಸೋಂಕು ಪತ್ತೆ ಹಚ್ಚಿ, ಗುಣಪಡಿಸುವ ಕುರಿತ ನಿಮ್ಮ ಲೇಖನ ಓದಿದೆ. ಭಾಷೆ ತಿಳಿಯಾಗಿದೆ. 2004ರಲ್ಲಿ ಇಂಗಾಲದ ನ್ಯಾನೋನಳಿಕೆಗಳನ್ನು ಶುದ್ಧಿ ಮಾಡಹೊರಟವರಿಗೆ ಈ ಚುಕ್ಕೆಗಳು ಅಕಸ್ಮಾತ್ತಾಗಿ ಸಿಕ್ಕ ಸಂಗತಿ ಚೆನ್ನಾಗಿ ಬಂದಿದೆ. ಆದರೆ ಎರಡು ವಾಕ್ಯಗಳು ನನ್ನ ನಿದ್ದೆ ಕೆಡಿಸಿವೆ.

ಒಂದು: ‘ಗಾಯಕ್ಕೆ ದ್ರಾವಣ ಹಚ್ಚಿ ಯುವಿ ದೀಪ ಹಿಡಿದರೆ ಬ್ಯಾಕ್ಟೀರಿಯಾ ಇರುವಲ್ಲೆಲ್ಲ ನೀಲಿ ಹೊಳೆಯುತ್ತದೆ.’

‘ಗಾಯಕ್ಕೆ’ ಅಂದಿರಿ. ಯುವಿ, ಅಂದರೆ ನೇರಳಾತೀತ ಬೆಳಕು, ಬಿದ್ದರೆ ಚರ್ಮದ ಕೊಲಾಜನ್ ಎಂಬ ಪ್ರೊಟೀನ್ ತಾನಾಗಿಯೇ ನೀಲಿ ಮಿನುಗುತ್ತದೆ. ಸೂಡೊಮೊನಾಸ್ ಬ್ಯಾಕ್ಟೀರಿಯಾ ಇದ್ದರಂತೂ ಅದರ ಪಯೋವರ್ಡಿನ್ ಎಂಬ ವರ್ಣದ್ರವ್ಯ ಯಾವ ಚುಕ್ಕೆಯ ಹಂಗೂ ಇಲ್ಲದೆ ಹೊಳೆಯುತ್ತದೆ. ಇವುಗಳ ನಡುವೆ ನಿಮ್ಮ ನೀಲಿ ಯಾವುದು?

‘ದ್ರಾವಣ’ ಎಂದರೆ ಸಿಟ್ರಿಕ್ ಆಮ್ಲ, ಎಥಿಲೀನ್‌ಡೈಅಮೀನ್ ಬೆರೆಸಿದ ನೀರನ್ನು ಆಟೋಕ್ಲೇವ್ ಎಂಬ ಬಿಗಿಯಾಗಿ ಮುಚ್ಚಿದ ಒತ್ತಡದ ಪಾತ್ರೆಯಲ್ಲಿ 200 ಡಿಗ್ರಿಯಲ್ಲಿ 5 ಗಂಟೆ ಕಾಯಿಸಿದ್ದು. ಆ ಕಂದು ನೀರಿನಲ್ಲಿ ಚುಕ್ಕೆಗಳ ಜೊತೆಗೆ ಹೊಳೆಯುವ ಸಣ್ಣ ಅಣುಗಳೂ ಹುಟ್ಟುತ್ತವೆ. ಹೊಳಪಿನ ದೊಡ್ಡ ಪಾಲು ಅವುಗಳದ್ದೇ ಇರಬಹುದು. ಸಣ್ಣ ಅಣುಗಳನ್ನು ಮಾತ್ರ ಹೊರಬಿಡುವ ಡಯಾಲಿಸಿಸ್ ಚೀಲಕ್ಕೆ ತುಂಬಿ, ಹೊರಗಿನ ನೀರು ಬದಲಿಸುತ್ತ ಹೋಗಿ, ಆ ನೀರು ಹೊಳೆಯುವುದು ನಿಂತ ಮೇಲೆ ಒಳಗೆ ಉಳಿದದ್ದನ್ನು ಅಳೆಯಬೇಕು. ಈ ಹಂತವೇ ನಿಮ್ಮಲ್ಲಿಲ್ಲ. ಲ್ಯಾಬಿನಲ್ಲೂ ಅಷ್ಟೇ: ಚುಕ್ಕೆ ಬೆರೆಸಿದ ಬ್ಯಾಕ್ಟೀರಿಯಾವನ್ನು ಸೆಂಟ್ರಿಫ್ಯೂಜಿನಲ್ಲಿ ವೇಗವಾಗಿ ತಿರುಗಿಸಿ ತಳಕ್ಕಿಳಿಸಿ, ಅಂಟದ ಚುಕ್ಕೆಗಳು ಹೋಗುವಂತೆ ಎರಡು ಮೂರು ಸಲ ತೊಳೆಯದಿದ್ದರೆ ಸ್ಲೈಡಿಗೆ ಸ್ಲೈಡೇ ನೀಲಿ.

ಇನ್ನು ‘ಬ್ಯಾಕ್ಟೀರಿಯಾ ಇರುವಲ್ಲೆಲ್ಲ’. ಧನ ಆವೇಶದ ಚುಕ್ಕೆ ಬ್ಯಾಕ್ಟೀರಿಯಾದ ಋಣ ಆವೇಶದ ಮೈಗೆ ಅಂಟುತ್ತದೆ, ನಿಜ. ಆದರೆ ಕೀವಿನಲ್ಲಿರುವ, ಅದೇ ಋಣ ಆವೇಶದ ಡಿಎನ್‌ಎಗೂ ಅಂಟುತ್ತದೆ.

ಎರಡು: ‘ನೀಲಿ ಬೆಳಕಿನಲ್ಲಿ ಶೇ. 99.9 ನಾಶ, ಸೋಂಕು ಮಾಯ.’

ನಾನು ಲೇಖನ ತಿದ್ದುವ ಈ ಕೆಲಸ ಕಲಿಯುವಾಗ ಹಿರಿಯರೊಬ್ಬರು ಪ್ರತಿ ಶೇಕಡಾವಾರಿನ ಪಕ್ಕ ‘ಉಳಿದದ್ದೆಷ್ಟು?’ ಎಂದು ಕೆಂಪು ಶಾಯಿಯಲ್ಲಿ ಗೀಚುತ್ತಿದ್ದರು. ಲೆಕ್ಕ ಹಾಕಿ. ಮಿಲಿಲೀಟರಿಗೆ 10 ಕೋಟಿ ಇದ್ದಲ್ಲಿ 1 ಲಕ್ಷ ಉಳಿದವು. ಅನುಕೂಲ ಸಿಕ್ಕರೆ ಇ. ಕೋಲಿ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಹತ್ತು ಸುತ್ತು, 200 ನಿಮಿಷ, ಮತ್ತೆ 10 ಕೋಟಿ. ಮಧ್ಯಾಹ್ನ ‘ಮಾಯ’ವಾದದ್ದು ಸಂಜೆ ಕಾಫಿಗೆ ಹಾಜರು.

ಅದಿರಲಿ, ಕೊಂದದ್ದು ಯಾರು? 405 ನ್ಯಾನೋಮೀಟರ್ ಬೆಳಕು ಒಂದೇ ಸಾಕು, ಕೆಲವು ಬ್ಯಾಕ್ಟೀರಿಯಾಗಳ ಒಳಗಿನ ಪೋರ್ಫಿರಿನ್ ಎಂಬ ಬೆಳಕು ಹೀರುವ ಅಣು ಕೆರಳಿ ಅವು ಸಾಯುತ್ತವೆ. ದೀಪದ ಬಿಸಿಯೂ ಇದೆ. ಆದ್ದರಿಂದ ನಾಲ್ಕು ಟ್ಯೂಬು ಬೇಕು: ಬರೀ ಬ್ಯಾಕ್ಟೀರಿಯಾ, ಕತ್ತಲಲ್ಲಿ ಚುಕ್ಕೆ ಬೆರೆಸಿದ್ದು, ಚುಕ್ಕೆಯಿಲ್ಲದೆ ಬೆಳಕು ಬಿಟ್ಟದ್ದು, ಚುಕ್ಕೆ ಬೆಳಕು ಎರಡೂ ಇದ್ದದ್ದು. ನೀವು ಮೊದಲನೆಯದನ್ನೂ ಕೊನೆಯದನ್ನೂ ಮಾತ್ರ ಹೋಲಿಸಿದ್ದೀರಿ. ಬೆಳಕು ಬಿದ್ದ ಚುಕ್ಕೆ ಹುಟ್ಟಿಸುವ ಸಿಂಗ್ಲೆಟ್ ಆಕ್ಸಿಜನ್, ಅಂದರೆ ಕೊಲ್ಲುವ ಕೆಲಸ ಮಾಡುವ ಕೆರಳಿದ ಆಮ್ಲಜನಕ, ನೀರಿನಲ್ಲಿ ಬದುಕುವುದು ಕೆಲವೇ ಮೈಕ್ರೊಸೆಕೆಂಡು. ಅಷ್ಟರಲ್ಲಿ ಅದು ದೂರ ಹೋಗಲಾರದು, ಹಾಗಾಗಿ ಚುಕ್ಕೆ ಬ್ಯಾಕ್ಟೀರಿಯಾದ ಮೈಗೇ ತಾಗಿರಬೇಕು. ತೊಳೆಯುವ ಮಾತು ಎತ್ತಿದ್ದು ಅದಕ್ಕೂ ಸೇರಿ.

ತಿದ್ದಿ ಕಳಿಸುವಾಗ ಬೆಳಕಿನ ತರಂಗಾಂತರ, ಚದರ ಸೆಂಟಿಮೀಟರಿಗೆ ಎಷ್ಟು ಮಿಲಿವ್ಯಾಟ್, ಎಷ್ಟು ನಿಮಿಷ ಎಂಬುದನ್ನೂ ಸೇರಿಸಿ. ‘ಮಾಯ’ವನ್ನು ನಾನೇ ಹೊಡೆದುಹಾಕಿದ್ದೇನೆ.